ತಮ್ಮಲೆಯ ಮುಕ್ಕಾಲು ಬಿಗಿ

ಪೂಜ್ಯ ತಮ್ಮಲೆಯವರಿಗೆ, ನಿಮ್ಮ ತಂಗಿಯ ಮಗ, ನಿಮ್ಮ ಏಕೈಕ ಸೋದರಳಿಯ ಪುರುಷೋತ್ತಮ ಮೂಗು ಮುಚ್ಚಿಕೊಂಡು ಮಾಡುವ ನಮಸ್ಕಾರಗಳು.

ಮೂಗು ಯಾಕೆ ಮುಚ್ಚಿಕೊಂಡೆ ಎಂದು ಕೇಳುತ್ತೀರಾ? ನಿಮ್ಮ ಮೋಟಾರ್ ಸೈಕಲ್ಲಿನ ಮುರಿದ ಕ್ಲಚ್ ಲಿವರನ್ನು ನಾನೇ ನಿಮ್ಮ ಅಂಗಳದಲ್ಲಿ ಕೂತು ಬದಲಾಯಿಸಿದೆ. ಅದಾಗಿ ಎಷ್ಟೋ ದಿನ ಕಳೆದರೂ ಕೈಯ ವಾಸನೆ ಹೋಗಿಲ್ಲ. ಬಾರ್ ಸೋಪು, ಸೀಮೆಎಣ್ಣೆ, ಹುಣಸೆಹಣ್ಣು, ಕೊನೆಗೆ ಒಲೆಯ ಬೂದಿ, ಎಲ್ಲ ಆಯಿತು. ಈಗಲೂ ಊಟಕ್ಕೆ ಕೂತು ಮೊದಲ ತುತ್ತನ್ನು ಬಾಯಿಯ ಹತ್ತಿರ ತಂದರೆ ಸಾರಿನ ಪರಿಮಳಕ್ಕಿಂತ ಮೊದಲು ನೀವು ಬರುತ್ತೀರಿ. ಸತ್ತವರು ಕಾಗೆಯ ರೂಪದಲ್ಲಿ ಬರುತ್ತಾರೆಂದು ಕೇಳಿದ್ದೆ. ನೀವು ಗ್ರೀಸಿನ ರೂಪದಲ್ಲಿ ಬಂದಿರಿ. ಕಾಗೆಯನ್ನಾದರೆ ಹುಶ್ ಎಂದು ಓಡಿಸಬಹುದಿತ್ತು.

ಮೊದಲೇ ಹೇಳಿಬಿಡುತ್ತೇನೆ, ಇದು ನಿಮ್ಮನ್ನು ನೆನೆದು ಕಣ್ಣೀರಿಡುವ ಪತ್ರವಲ್ಲ. ಇದರಲ್ಲಿ ಇರುವುದೆಲ್ಲ ಹೇಸಿಗೆ. ಮೊದಲು ನಿಮ್ಮ ಗಾಡಿಯ ಮೇಲೆ, ಆಮೇಲೆ ನನ್ನ ಮೇಲೆ, ಅದಾದ ಮೇಲೆ... ಆ ಸರದಿಯೂ ಬರುತ್ತದೆ, ಸ್ವಲ್ಪ ತಾಳಿಕೊಳ್ಳಿ. ನಿಮಗೀಗ ಕರೆಂಟು ಕಂಬ ಹತ್ತುವ ಕೆಲಸವೂ ಇಲ್ಲವಲ್ಲ?

ನಿಮ್ಮ ಬೊಜ್ಜದ ದಿನ, ಹದಿಮೂರನೆಯ ದಿನದ ಊಟ ಮುಗಿದು ಎಲೆ ತೆಗೆಯುವ ಹೊತ್ತು. ಮಾಮಿ, ಅಂದರೆ ನಿಮ್ಮ ಧರ್ಮಪತ್ನಿ, ಜಗಲಿಯ ಕಂಬಕ್ಕೆ ಒರಗಿ ನಿಂತು ನೆಂಟರೆಲ್ಲ ಕೇಳುವ ಹಾಗೆ ನಿಮ್ಮ ಕೊನೆಯ ಮಾತನ್ನು ಒಪ್ಪಿಸಿದರು. "ಗಾಡಿ ಪುರುಷೋತ್ತಮನಿಗೆ ಅಂತ ಹೇಳಿದ್ದಾರೆ. ಓಡುವ ಹಾಗೆ ಇಟ್ಟುಕೊಂಡರೆ ಅವನದ್ದು. ನಿಂತು ಹೋದ್ರೆ ಗುಜರಿಗೆ. ಅಂಗಳದಲ್ಲಿ ಇಟ್ಟು ತುಕ್ಕು ಹಿಡಿಸುವುದು ಬೇಡ ಅಂತ." ನೆಂಟರು ತಲೆದೂಗಿದರು. ನಮ್ಮದು ಅಳಿಯಕಟ್ಟಲ್ಲವೇ? ತಮ್ಮಲೆಯದ್ದು, ಅಂದರೆ ಸೋದರಮಾವನದ್ದು, ಸೋದರಳಿಯನಿಗೆ. ಹಿಂದೆ ಈ ಕಟ್ಟಿನ ಪ್ರಕಾರ ಅಳಿಯಂದಿರಿಗೆ ಬೀಡು ಬರುತ್ತಿತ್ತಂತೆ, ಗದ್ದೆ ಬರುತ್ತಿತ್ತಂತೆ, ಊರಿನ ಗುರಿಕಾರಿಕೆಯೂ ಬರುತ್ತಿತ್ತಂತೆ. ನನ್ನ ಪಾಲಿಗೆ ಬಂದದ್ದು ಸೀಟು ಹರಿದ, ಬೆಳಿಗ್ಗೆ ಬೆಳಿಗ್ಗೆ ಕೆಮ್ಮುವ, ಮನುಷ್ಯರಿಗಿಂತ ಹೆಚ್ಚು ಎಣ್ಣೆ ಕುಡಿಯುವ ಒಂದು ಹಳೆಯ ಮೋಟಾರ್ ಸೈಕಲ್. ಆದರೂ ಪಟ್ಟಕ್ಕೆ ಕೂರುವವನ ಗತ್ತಿನಲ್ಲಿ ಎದ್ದು, ಪಂಚೆ ಸರಿಮಾಡಿಕೊಂಡು, ಎರಡೂ ಕೈ ಚಾಚಿ ಕೀಲಿಕೈ ಪಡೆದೆ. ನಿಮ್ಮ ಮಗಳು ಶಶಿ ಎಂಜಲೆಲೆಗಳನ್ನು ಮಡಚುತ್ತಿದ್ದಳು. ನನ್ನ ಕೈಯ ಕೀಲಿಕೈಯನ್ನು ಒಮ್ಮೆ ನೋಡಿದಳು. ಮತ್ತೆ ಎಲೆಗಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅದನ್ನು ನಾನು ಅಂದೇ ಗಮನಿಸಬೇಕಿತ್ತು. ಹಾಸ್ಯ ಬರೆಯುವವರಿಗೆ ಕಣ್ಣು ಚುರುಕು ಅನ್ನುತ್ತಾರೆ. ಅನ್ನಲಿ ಬಿಡಿ.

ಗಾಡಿಯನ್ನು ಮೂಡುಬಿದಿರೆಯ ನನ್ನ ಮನೆಗೆ ತಂದು ತೊಳೆಯಲು ಕೂತ ಆ ಭಾನುವಾರವನ್ನು ಹೇಗೆ ಮರೆಯಲಿ? ಸೀಟು ಬಿಚ್ಚಿದರೆ ಹಲ್ಲಿಯ ಮೊಟ್ಟೆಗಳು. ಪಕ್ಕದ ಪೆಟ್ಟಿಗೆ ತೆರೆದರೆ ಕಾಗದದಲ್ಲಿ ಸುತ್ತಿಟ್ಟ ಅರ್ಧ ಜಗಿದ ಎಲೆಯಡಿಕೆ, ನಿಮ್ಮ ಹಲ್ಲಿನ ಗುರುತು ಸಮೇತ. ಅಲ್ಲ ತಮ್ಮಲೆ, ಮಿಕ್ಕ ಅರ್ಧವನ್ನು ಯಾವ ಶುಭಮುಹೂರ್ತಕ್ಕೆಂದು ಇಟ್ಟಿದ್ದಿರಿ? ಅದನ್ನು ಕಡ್ಡಿಯಲ್ಲಿ ಎತ್ತಿ ಎಸೆದು, ಬಾಯಿ ಮುಕ್ಕಳಿಸಿ ಬಂದೆ. ಜಗಿದದ್ದು ನೀವಾದರೂ ಬಾಯಿ ತೊಳೆಯಬೇಕೆಂದು ಅನಿಸಿದ್ದು ನನಗೆ. ಅದನ್ನೂ ಸಹಿಸಿದೆ. ಸಹಿಸಲಾಗದ್ದು ಬೇರೆಯೇ ಇತ್ತು. ಹ್ಯಾಂಡಲಿನ ಎರಡು ಬದಿಯ ಲಿವರ್‌ಗಳು, ಎಡದ ಕ್ಲಚ್ಚಿನದ್ದು, ಬಲದ ಬ್ರೇಕಿನದ್ದು, ಅಂಗೈಯಿಂದ ಬಲವಾಗಿ ದೂಡಿದರೆ ಹ್ಯಾಂಡಲಿನ ಸುತ್ತ ನಿಧಾನಕ್ಕೆ ತಿರುಗುತ್ತಿದ್ದವು. ಅವುಗಳನ್ನು ಹ್ಯಾಂಡಲಿಗೆ ಕಚ್ಚಿ ಹಿಡಿಯುವ ಕ್ಲಾಂಪಿನ ಬೋಲ್ಟನ್ನು ನೀವು ಪೂರ್ತಿ ಬಿಗಿಯದೆ ಬಿಟ್ಟಿದ್ದಿರಿ. ಮುಕ್ಕಾಲು ಬಿಗಿ!

ಆ ಹೆಸರನ್ನು ಇಟ್ಟವನೇ ನಾನು, ನೆನಪಿದೆಯಲ್ಲ? ಐದಾರು ವರ್ಷದ ಹಿಂದೆ ನನ್ನ ವಾರದ ಅಂಕಣದಲ್ಲಿ 'ಮುಕ್ಕಾಲು ಬಿಗಿ ಮಾವ' ಎಂದು ನಿಮ್ಮನ್ನು ಊರಿಗೆಲ್ಲ ಬಡಿಸಿದ್ದೆ. ಮಾವನ ಗಾಡಿಯ ಲಿವರ್ ಮುಕ್ಕಾಲು ಬಿಗಿ, ಮನೆಯ ನಲ್ಲಿ ಮುಕ್ಕಾಲು ಬಿಗಿ, ಉಪ್ಪಿನಕಾಯಿ ಭರಣಿಯ ಮುಚ್ಚಳ ಮುಕ್ಕಾಲು ಬಿಗಿ, ಉಟ್ಟ ಮುಂಡು ಮುಕ್ಕಾಲು ಬಿಗಿ, ಹಾಗಾಗಿ ಸಭೆಯಲ್ಲಿ ಮಾವ ಎದ್ದು ನಿಂತರೆ ಮುಂದಿನ ಸಾಲಿನ ಹೆಂಗಸರು ಕಣ್ಣು ಮುಚ್ಚುತ್ತಾರೆ... ಊರು ನಕ್ಕಿತು. ನೀವು ಪತ್ರಿಕೆ ಹಿಡಿದುಕೊಂಡೇ ಮನೆಗೆ ಬಂದಿರಿ. "ಲಾಯ್ಕ ಬರೆದಿದ್ದಿ. ಮುಂಡಿನ ವಿಷಯ ಸತ್ಯ" ಎಂದಿರಿ. ಚಾ ಕುಡಿದು ಹೊರಡುವಾಗ ಗಾಡಿಯ ಮೇಲೆ ಕೂತು ಇನ್ನೊಂದು ಮಾತು ಸೇರಿಸಿದಿರಿ. "ಲಿವರ್ ಯಾಕೆ ಹಾಗೆ ಅಂತ, ಬಿದ್ದಾಗ ಗೊತ್ತಾಗ್ತದೆ ಅಳಿಯಾ." ಸೋಮಾರಿಗಳು ಕೆಲಸ ತಪ್ಪಿಸಿಕೊಳ್ಳಲು ವೇದಾಂತ ಹೇಳುತ್ತಾರೆಂದು ನಾನು ಒಳಗೊಳಗೇ ನಕ್ಕೆ. ಮುಂದಿನ ವಾರದ ಅಂಕಣಕ್ಕೆ ಅದನ್ನೂ ಬಳಸಿಕೊಂಡೆ.

ಈಗ ಪಟ್ಟದ ಅಳಿಯನಾದ ಮೇಲೆ ಸುಮ್ಮನಿರುತ್ತೇನೆಯೇ? ಸ್ಪ್ಯಾನರ್ ತಂದೆ. ಎಡಬದಿಯ ಕ್ಲಾಂಪಿನ ಬೋಲ್ಟಿಗೆ ಸಿಕ್ಕಿಸಿ, ಹಲ್ಲು ಕಚ್ಚಿ, ಇನ್ನು ಒಂದು ಕೂದಲೆಳೆ ತಿರುಗಿದರೆ ಬೋಲ್ಟೇ ಅಳುತ್ತದೆ ಎನ್ನುವಲ್ಲಿಗೆ ತಂದು ನಿಲ್ಲಿಸಿದೆ. ಬಲಬದಿಯದ್ದು ತುಕ್ಕು ಹಿಡಿದು ಜಪ್ಪಯ್ಯ ಎನ್ನಲಿಲ್ಲ. ಅದನ್ನು ಹಾಗೆಯೇ ಬಿಟ್ಟೆ. ಆಮೇಲೆ ದೂರ ನಿಂತು ನೋಡಿ, ತಮ್ಮಲೆಯ ಅರೆಬರೆ ಜೀವನವನ್ನು ಅಳಿಯನಾದವನು ಕೊನೆಗೂ ಬಿಗಿಮಾಡಿದ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ನೆನೆದರೆ ವಾಕರಿಕೆ ಬರುತ್ತದೆ.

ಬೇಸಗೆ ರಜೆಯಲ್ಲಿ, ಹೊಳೆಯುವ ಗಾಡಿಯನ್ನು ಮಾಮಿಗೆ ತೋರಿಸಲೆಂದೇ ವೇಣೂರಿನ ದಾರಿಯಲ್ಲಿ ಬೆಳ್ತಂಗಡಿಯ ನಿಮ್ಮ ಮನೆಗೆ ಬಂದೆ. ಆದಿತ್ಯವಾರ. ಮಾಮಿ ಸೆಗಣಿ ಸಾರಿಸಿದ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ನಿಲ್ಲಿಸಿ, ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ ಮೆಟ್ಟಿಲು ಹತ್ತಿದೆ. ಮೂರನೆಯ ಮೆಟ್ಟಿಲಲ್ಲಿದ್ದಾಗ ಹಿಂದೆ ಸದ್ದಾಯಿತು. ಸ್ಟ್ಯಾಂಡು ಹಸಿ ನೆಲದಲ್ಲಿ ಹೂತು ಹೋಗಿ ನಿಮ್ಮ ಗಾಡಿ ಎಡಕ್ಕೆ ವಾಲಿ, ಸಾವಕಾಶವಾಗಿ, ಎಮ್ಮೆ ಕೆಸರಿಗಿಳಿಯುವ ಹಾಗೆ ಹಪ್ಪಳದ ಚಾಪೆಯ ಮೇಲೆ ಮಲಗಿತು. ಎಬ್ಬಿಸಿ ನೋಡಿದರೆ ಕ್ಲಚ್ ಲಿವರ್ ಬುಡದಿಂದ ಸ್ವಲ್ಪ ಮುಂದೆ ಎರಡು ತುಂಡು. ಹ್ಯಾಂಡಲ್ ತುಂಬ ಅರೆಹಸಿ ಹಪ್ಪಳ. ಪೆಟ್ರೋಲು, ಸೆಗಣಿ ಮತ್ತು ಹಲಸಿನ ಹಿಟ್ಟು ಕೂಡಿದ ವಾಸನೆ ಹೇಗಿರುತ್ತದೆಂದು ನಿಮಗೆ ಗೊತ್ತೇ? ಗೊತ್ತಿಲ್ಲದೆ ಹೋದದ್ದು ನಿಮ್ಮ ಪುಣ್ಯ.

"ಓಡುವ ಗಾಡಿ ಬೀಳುವುದು ಕೇಳಿದ್ದೇನೆ. ನಿಂತ ಗಾಡಿಯನ್ನು ಬೀಳಿಸಿದ್ದು ನೀನೇ ಮಾರಾಯ!" ಎಂದರು ಮಾಮಿ. ಬಗ್ಗಿ ಹಪ್ಪಳ ಹೆಕ್ಕುತ್ತಲೇ ಮುಂದುವರಿಸಿದರು. "ಅವರು ನೆರಿಯದ ಆ ಕಾಡುದಾರಿಯಲ್ಲಿ ಲೈನು ಸರಿ ಮಾಡ್ಲಿಕ್ಕೆ ಹೋಗಿ ಎಷ್ಟು ಸಲ ಬಿದ್ದಿಲ್ಲ? ಮೊಣಕಾಲು ಒಡೆದುಕೊಂಡು ಬರ್ತಿದ್ರು. ಗಾಡಿಯ ಕೈ ಮುರಿದುಕೊಂಡು ಬಂದದ್ದುಂಟಾ ಒಂದು ದಿನ?"

"ಗ್ಯಾರೇಜಿನವನನ್ನು ಕರೆಸುವ ಮಾಮಿ."

"ಈ ಅಂಗಳಕ್ಕೆ ಇಷ್ಟು ವರ್ಷ ಮೆಕ್ಯಾನಿಕ್ ಕಾಲಿಡಲಿಲ್ಲ. ನಿನ್ನಿಂದಾಗಿ ಇಡುವುದು ಬೇಡ. ಬರುವ ಆದಿತ್ಯವಾರ ಫರಂಗಿಪೇಟೆಯ ಗುಜರಿಯವ ಟೆಂಪೋ ತರ್ತಾನೆ, ತೂತು ಬಿದ್ದ ಹಂಡೆ ಕೊಂಡೋಗ್ಲಿಕ್ಕೆ. ಅಷ್ಟರೊಳಗೆ ಗಾಡಿ ಓಡಿದ್ರೆ ನಿನ್ನದು. ಇಲ್ಲದಿದ್ರೆ ಹಂಡೆಯೊಟ್ಟಿಗೆ ಅದೂ ಹೋಗ್ತದೆ. ಅವರ ಮಾತು. ನನ್ನದಲ್ಲ."

ಮಾಮಿ ಇದನ್ನೆಲ್ಲ ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದಿದೆ. ಉಳಿದರ್ಧವನ್ನು ನೀವೇ ನೆನಪಿನಿಂದ ಸೇರಿಸಿಕೊಳ್ಳಿ. ಕೈಯಲ್ಲಿದ್ದ ಮುರಿದ ತುಂಡನ್ನು ನೋಡಿ ನನಗೆ ಎಷ್ಟು ಅಸಹ್ಯವಾಯಿತೆಂದರೆ, ಅದನ್ನು ತೆಂಗಿನ ಕಟ್ಟೆಗೆ ಬೀಸಿ ಎಸೆದೆ. ಶಶಿ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಮಾಮಿ ಬೈದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಬಿ.ಸಿ.ರೋಡಿನ ಹಮೀದಾಕನ ಅಂಗಡಿ ನಿಮಗೆ ಗೊತ್ತು. ಹಳೆ ಗಾಡಿಗಳ ಸಾಮಾನು ಇಡೀ ಬಂಟ್ವಾಳದಲ್ಲಿ ಸಿಕ್ಕರೆ ಅಲ್ಲಿ ಸಿಗಬೇಕು. ಸೋಮವಾರ ಬೆಳಿಗ್ಗೆಯೇ ಹೋದೆ. ಹಮೀದಾಕ ಕನ್ನಡಕವನ್ನು ಹಣೆಗೇರಿಸಿ ಕೈ ಚಾಚಿದರು. "ತುಂಡು ಎಲ್ಲಿ ಮಾಸ್ಟ್ರೇ?"

"ಯಾವ ತುಂಡು?"

"ಮುರಿದದ್ದು. ಅಳತೆ ನೋಡ್ಲಿಕ್ಕೆ."

"ಎಸೆದೆ."

ಹಮೀದಾಕ ನನ್ನನ್ನು ನೋಡಿದ ಆ ನೋಟವನ್ನು ಮೂವತ್ತು ಬೆಂಚಿನ ತರಗತಿಯಲ್ಲಿ ನಾನೇ ದಿನಾ ಬಳಸುತ್ತೇನೆ. ನನ್ನ ಮೇಲೆ ಯಾರೂ ಬಳಸಿರಲಿಲ್ಲ. "ಹುಡುಗಿ ನೋಡ್ಲಿಕ್ಕೆ ಬಂದು ಹುಡುಗನನ್ನೇ ಮನೆಯಲ್ಲಿ ಬಿಟ್ಟು ಬಂದ ಹಾಗಾಯ್ತು ನಿಮ್ಮದು. ನೋಡಿ, ಇದೊಂದು, ಇದೊಂದು. ಎರಡೂ ನಿಮ್ಮ ಗಾಡಿಗೇ ಬರುವುದು, ವರ್ಷ ಬೇರೆ. ಈ ತೂತು ಒಂದು ಅಕ್ಕಿಕಾಳಷ್ಟು ಆಚೆ ಆದ್ರೆ ಕ್ಲಚ್ ಬಿಡುವುದಿಲ್ಲ. ಯಾರ ಗಾಡಿ?"

"ನಮ್ಮ ತಮ್ಮಲೆಯದ್ದು. ಲೈನ್‌ಮ್ಯಾನ್ ಸಂಜೀವಣ್ಣ."

ಹಮೀದಾಕ ಕನ್ನಡಕ ಇಳಿಸಿದರು. "ಅವರಾ... ಒಳ್ಳೆ ಜನ ಮಾರಾಯ್ರೆ. ನನ್ನತ್ರ ಕೇಬಲ್ ತೆಗೊಂಡಿದ್ದಾರೆ, ಪ್ಲಗ್ ತೆಗೊಂಡಿದ್ದಾರೆ, ಬಲ್ಬು ಎಷ್ಟೋ. ಲಿವರ್ ಮಾತ್ರ ಒಂದೂ ತೆಗೊಂಡದ್ದಿಲ್ಲ ನೋಡಿ. ನೀವು ಎಂತ ಮಾಡಿದ್ರಿ?"

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ, ಬಿಗಿ ಮಾಡಿದೆ ಅಷ್ಟೇ ಎಂದುಕೊಂಡು ಬಸ್ಸು ಹತ್ತಿದೆ. ಆಗಲೂ ಹೊಳೆಯಲಿಲ್ಲ ತಮ್ಮಲೆ. ಪಾಠ ಹೇಳುವವರ ತಲೆಗೆ ಪಾಠ ಹತ್ತುವುದು ಬಹಳ ನಿಧಾನ.

ಮಂಗಳವಾರ ಸಂಜೆ ನಿಮ್ಮ ತೆಂಗಿನ ಕಟ್ಟೆಯಲ್ಲಿ ಮೊಣಕಾಲೂರಿ ಎಸೆದ ತುಂಡನ್ನು ಹುಡುಕುತ್ತಿದ್ದೆ. ಮಾಮಿ ಮೀನು ತೊಳೆದ ನೀರನ್ನು ದಿನಾ ಅಲ್ಲಿಗೇ ಸುರಿಯುವುದೆಂದು ನನಗೆ ಯಾರೂ ಹೇಳಿರಲಿಲ್ಲ. ಬಂಗುಡೆಯ ಕಿವಿರು, ಬೂತಾಯಿಯ ತಲೆಗಳು, ಅವುಗಳ ನಡುವೆ ನನ್ನ ಹತ್ತು ಬೆರಳು, ಸುತ್ತ ನನ್ನ ಪ್ರತಿಸ್ಪರ್ಧಿಗಳಾದ ಎರಡು ಬೆಕ್ಕು. ಹಾಸ್ಯಲೇಖಕನ ವೈಭವ ಅದು. ಉಜಿರೆಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮುಗಿಸಿ ಶಶಿ ಬಸ್ಸಿಳಿದು ಬಂದಳು. ಗೇಟಿನ ಹತ್ತಿರ ನಿಂತು ನೋಡಿದಳು. ಒಳಗೆ ಹೋಗಿ ಒಂದು ಕಾಗದದ ಕಟ್ಟು ತಂದಳು. ಬಿಡಿಸಿದರೆ ಮುರಿದ ಲಿವರಿನ ತುಂಡು, ತೊಳೆದು ಒರೆಸಿ ಇಟ್ಟದ್ದು. ಸುತ್ತಿದ ಕಾಗದ ನನ್ನ ಅಂಕಣವೇ.

"ಅದೇ ದಿನ ಹೆಕ್ಕಿಟ್ಟಿದ್ದೆ ಬಾವ. ತುಂಡು ಇಲ್ಲದೆ ಹಮೀದಾಕ ಎಂತದ್ದೂ ಕೊಡುವುದಿಲ್ಲ."

"ಮೊದಲೇ ಹೇಳ್ಬಾರದಿತ್ತಾ ಮಾರಾಯ್ತಿ?"

"ನೀವು ಕೇಳ್ಲಿಲ್ಲವಲ್ಲ."

ಹೌದು, ಕೇಳಲಿಲ್ಲ. ಈ ಮನೆಯಲ್ಲಿ ಗಾಡಿಯ ವಿಷಯದಲ್ಲಿ ಅವಳನ್ನು ಯಾರಾದರೂ ಏನನ್ನಾದರೂ ಯಾವಾಗಲಾದರೂ...

ಶನಿವಾರ ಬೆಳಿಗ್ಗೆ, ತುಂಡಿನ ಅಳತೆ ನೋಡಿ ಹಮೀದಾಕ ಕೊಟ್ಟ ಹೊಸ ಲಿವರ್ ಹಿಡಿದು ನಿಮ್ಮ ಅಂಗಳದಲ್ಲಿ ಕೂತೆ. ಒಂದೇ ದಿನ ಉಳಿದಿತ್ತು. ನಿಮ್ಮ ಸಾಮಾನಿನ ಚೀಲ ಬಿಚ್ಚಿದೆ. ಬಿಚ್ಚಬಾರದಿತ್ತು. ಜಿರಲೆಗಳ ಮೂರು ತಲೆಮಾರು ಅಲ್ಲಿ ಸುಖವಾಗಿ ಅಳಿಯಕಟ್ಟು ನಡೆಸಿಕೊಂಡಿದ್ದವು. ಗ್ರೀಸಿನ ಡಬ್ಬಿಯೊಳಗೆ ಒಂದು ನೊಣ, ಹಲ್ವದೊಳಗೆ ಗೋಡಂಬಿ ಕೂತ ಹಾಗೆ ಕೂತಿತ್ತು. ನಾನು ಕೇಳದಿದ್ದರೂ ಶಶಿ ಒಂದು ಗೆರಟೆಯನ್ನು, ಒಣ ತೆಂಗಿನ ಚಿಪ್ಪನ್ನು, ತಂದು ನನ್ನ ಪಕ್ಕದಲ್ಲಿಟ್ಟಳು, ಬಿಚ್ಚಿದ ನಟ್ಟುಗಳನ್ನು ಹಾಕಲು. ನಿಮ್ಮ ಕಾಲದಲ್ಲಿಯೂ ಗೆರಟೆ ಅವಳದ್ದೇ ಅಲ್ಲವೇ? ಗಾಡಿಯ ಅರ್ಧ ಅಂಗಾಂಗಗಳು ತೆಂಗಿನ ಗೆರಟೆಯಲ್ಲಿ ಅವಳ ಮಡಿಲಲ್ಲಿ ಕೂತು ಎದ್ದು ಹೋದವು.

ಲಿವರಿನ ಬುಡದ ಬೋಲ್ಟು ಸುಲಭದಲ್ಲಿ ಬಿಚ್ಚಿತು. ಕೇಬಲ್ ಬರಲಿಲ್ಲ. ಎಳೆದೆ. ಇಕ್ಕುಳದಲ್ಲಿ ಎಳೆದೆ. ಕಾಲು ಕೊಟ್ಟು ಎಳೆದೆ. ಅರ್ಧ ಗಂಟೆಯ ನಂತರ ಕೇಬಲ್ ಹಾಗೆಯೇ ಇತ್ತು, ನನ್ನ ಅಂಗೈಯ ಚರ್ಮ ಇರಲಿಲ್ಲ.

"ಎಳೆದ್ರೆ ಬರುವುದಿಲ್ಲ ಬಾವ. ನೋಡಿ, ಈ ತಿರುಪಿನಲ್ಲಿ ಒಂದು ಸೀಳುಂಟು, ಅದರ ನಟ್ಟಿನಲ್ಲಿ ಒಂದು, ಹಿಡಿಯಲ್ಲಿ ಒಂದು. ಮೂರು ಬಾಗಿಲೂ ಒಂದೇ ಸಾಲಿಗೆ ಬಂದ್ರೆ ಅದೇ ಹೊರಗೆ ಬರ್ತದೆ." ಎರಡು ಬೆರಳಿನಲ್ಲಿ ತಿರುಪನ್ನು ಇಷ್ಟು, ನಟ್ಟನ್ನು ಇಷ್ಟು ತಿರುಗಿಸಿದಳು. ಕೇಬಲ್ ನಾಗರಹಾವಿನ ಮರಿಯ ಹಾಗೆ ಮೆತ್ತಗೆ ಹೊರಗೆ ಬಂತು. ಅದರ ತುದಿಯ ಗುಂಡನ್ನು ಹೊಸ ಲಿವರಿನ ತೂತಿನಲ್ಲಿ ಕೂರಿಸಿ, ನೊಣವನ್ನು ಬಿಟ್ಟು ಮಿಕ್ಕ ಗ್ರೀಸು ಹಚ್ಚಿ, ಬೋಲ್ಟು ಹಾಕಿದೆ. "ಲಿವರ್ ಎಳೆಯುವಾಗ ಮೊದಲು ಸ್ವಲ್ಪ ಸಡಿಲ ಇರ್ಬೇಕು" ಎಂದಳು.

"ಎಷ್ಟು?"

"ಒಂದು ಹಪ್ಪಳದ ದಪ್ಪದಷ್ಟು. ಅಪ್ಪ ಹಪ್ಪಳ ಇಟ್ಟೇ ನೋಡುವುದು." 

ಒಳಗಿನಿಂದ ಮಾಮಿಯ ಧ್ವನಿ ಬಂತು. "ಹಪ್ಪಳ ಇಲ್ಲ. ಗಾಡಿ ತಿಂದಿದೆ!"

ಇಂಜಿನು ಕೆಮ್ಮಿ ಎದ್ದಿತು. ಕ್ಲಚ್ ಹಿಡಿಯಿತು, ಬಿಟ್ಟಿತು. ನಾನು ಕಂಬಳದಲ್ಲಿ ಗೆದ್ದ ಕೋಣದ ಯಜಮಾನನ ಹಾಗೆ ಅಂಗಳದಲ್ಲಿ ಒಂದು ಸುತ್ತು ಬಂದೆ. ಆಮೇಲೆ, ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮುಕ್ತಾಯ ಬೇಡವೇ ಎಂದು, ಬಿದ್ದ ಪೆಟ್ಟಿಗೆ ಒಂದಿಷ್ಟು ಅಲುಗಿದ್ದ ಎಡಬದಿಯ ಕ್ಲಾಂಪಿಗೆ ಸ್ಪ್ಯಾನರ್ ಸಿಕ್ಕಿಸಿ ಹಲ್ಲು ಕಚ್ಚಿದೆ.

"ಅಷ್ಟು ಬಿಗಿ ಬೇಡ ಬಾವ."

"ನಿನ್ನ ಅಪ್ಪನ ಮುಕ್ಕಾಲು ಬಿಗಿ ಸಾಕಾಗಿದೆ ನನಗೆ."

ಶಶಿ ಗೆರಟೆಯನ್ನು ಕೆಳಗಿಟ್ಟಳು. "ಬಲಬದಿಯ ಬ್ರೇಕಿನ ಲಿವರನ್ನು ದೂಡಿ ನೋಡಿ. ಅಂಗೈಯಲ್ಲಿ. ಜೋರು." ದೂಡಿದೆ. ಹ್ಯಾಂಡಲಿನ ಸುತ್ತ ತಿರುಗಿತು, ನನಗೆ ಬಗ್ಗದೆ ಉಳಿದಿದ್ದ ನಿಮ್ಮ ಮುಕ್ಕಾಲು ಬಿಗಿ. "ಈಗ ನೀವು ಬಿಗಿ ಮಾಡಿದ್ದನ್ನು ದೂಡಿ." ದೂಡಿದೆ. ಕಲ್ಲು. "ಗಾಡಿ ಬಿದ್ರೆ ಮೊದಲು ನೆಲಕ್ಕೆ ತಾಗುವುದು ಇದೇ. ತಿರುಗ್ಲಿಕ್ಕೆ ಬಿಟ್ರೆ ತಿರುಗ್ತದೆ. ಬಿಡದಿದ್ರೆ ಮುರೀತದೆ. ನೆರಿಯದ ಕಾಡಿನಲ್ಲಿ, ಆನೆ ಬರುವ ದಾರಿಯಲ್ಲಿ ಕ್ಲಚ್ ಮುರಿದ್ರೆ ಅಪ್ಪ ಗಾಡಿ ತಳ್ಳಿಕೊಂಡು ಬರುವುದಾ?"

ಬಿದ್ದಾಗ ಗೊತ್ತಾಗ್ತದೆ ಅಳಿಯಾ.

ಗಾಡಿ ಬಿದ್ದು ವಾರವಾಗುತ್ತ ಬಂದಿತ್ತು. ಗೊತ್ತಾದದ್ದು ಆಗ. ಎರಡು ವಾರ ಊರನ್ನು ನಗಿಸಿದ್ದು ನನ್ನ ಬುದ್ಧಿವಂತಿಕೆಯಲ್ಲ, ನನ್ನ ಅಜ್ಞಾನ. ಲಿವರನ್ನು ಮುರಿದದ್ದು ಹಸಿ ಅಂಗಳವೂ ಅಲ್ಲ, ನಾನು. ಮೀನಿನ ತಲೆಗಳ ನಡುವೆ ಕೈ ಹಾಕಿದಾಗಲೂ ಇಷ್ಟು ಹೇಸಿಗೆಯಾಗಿರಲಿಲ್ಲ. "ಇದನ್ನು ನಿನಗೆ ತಮ್ಮಲೆ ಹೇಳಿಕೊಟ್ಟದ್ದಾ?" ಎಂದು ಕೇಳಿದೆ.

"ನನಗೆ ಯಾರು ಹೇಳಿಕೊಡ್ತಾರೆ ಬಾವ? ನೋಡಿದ್ದು."

ಈಗ ನಿಮ್ಮ ಸರದಿ, ತಮ್ಮಲೆ. ನಿಮಗೆ ಒಂದು ಸಂಜೆ ನೆನಪಿದೆಯೋ ಇಲ್ಲವೋ. ಶಶಿ ಆಗ ಕಾಲೇಜಿಗೆ ಹೋಗುತ್ತಿದ್ದಳು. ನೀವು ಇದೇ ಅಂಗಳದಲ್ಲಿ ಚೈನು ಬಿಗಿ ಮಾಡುತ್ತಿದ್ದಿರಿ, ನಾನು ಜಗಲಿಯಲ್ಲಿ ಚಾ ಕುಡಿಯುತ್ತಿದ್ದೆ. "ಅಪ್ಪ, ಬಾವನಿಗೆ ಶಾಲೆಯ ಮೈದಾನದಲ್ಲಿ ಕಲಿಸಿದ ಹಾಗೆ ನನಗೂ ಕಲಿಸಿ" ಎಂದಳು. ನೀವು ತಲೆಯೆತ್ತದೆ ನಕ್ಕಿರಿ. "ನೀನು ಗೆರಟೆ ಹಿಡಿ ಮಗಾ, ಅಷ್ಟು ಸಾಕು." ನಾನೂ ನಕ್ಕೆ. ಬಾಯಲ್ಲಿದ್ದ ಚಾ ಮೂಗಿಗೆ ಹತ್ತುವಷ್ಟು ನಕ್ಕೆ. ಅಲ್ಲ, ಲೈನ್‌ಮ್ಯಾನಾಗಿ ಅಷ್ಟು ಮನೆಗಳಿಗೆ ಬೆಳಕು ಕೊಟ್ಟವರು ನೀವು. ನಿಮ್ಮ ಜಗಲಿಯ ಒಂದು ಮೂಲೆ ನಿಮಗೆ ಕಾಣಲಿಲ್ಲವೇ? ನಟ್ಟು ಯಾವುದು ಬೋಲ್ಟು ಯಾವುದು ಎಂದು ತಿಳಿಯದ ನನಗೆ ಗಾಡಿ, ಗಾಡಿಯ ಮೂಳೆ ಮೂಳೆ ಬಲ್ಲವಳಿಗೆ ಗೆರಟೆ. ಇದ್ಯಾವ ಕಟ್ಟು ತಮ್ಮಲೆ? ಲಿವರಿಗೆ ತಿರುಗಲು ಜಾಗ ಬಿಟ್ಟವರು ಮಗಳಿಗೆ ಇಷ್ಟೇ ಇಷ್ಟು... ನಿಮ್ಮ ಜಗಿದ ಎಲೆಯಡಿಕೆಯನ್ನು ಕಡ್ಡಿಯಲ್ಲಿ ಎತ್ತಿ ಎಸೆದೆ. ಇದನ್ನು ಯಾವ ಕಡ್ಡಿಯಲ್ಲಿ ಎತ್ತಲಿ?

ಆದಿತ್ಯವಾರ ಬೆಳಿಗ್ಗೆ ಗುಜರಿಯವನ ಟೆಂಪೋ ಬಂತು. ಅವನು ಹಗ್ಗ ಬಿಚ್ಚಿಕೊಂಡು ಗಾಡಿಯ ಹತ್ತಿರವೇ ಹೋದ. ಮಾಮಿ ನನ್ನ ಕಡೆ ನೋಡಿ ಗಲ್ಲ ಎತ್ತಿದರು. ಕಿಕ್ ಹೊಡೆದೆ. ಗಾಡಿ ಎದ್ದಿತು. ಗೇಟಿನ ತನಕ ಹೋಗಿ ಬಂದೆ. "ಎಂತದು, ಓಡ್ತದಾ ಇದು?" ಎಂದ ಗುಜರಿಯವ, ಮೋಸ ಹೋದವನ ಹಾಗೆ. "ಗಾಡಿ ಉಂಟು ಅಂತ ನಾನು ಉದ್ದದ ಹಗ್ಗ ತಂದದ್ದು ಮಾರಾಯ್ರೆ!"

"ಹಂಡೆಗೆ ಕಟ್ಟು" ಎಂದರು ಮಾಮಿ. ನನಗೆ ಹೇಳಿದರು: "ಆಯ್ತು. ಓಡಿತು. ನಿನ್ನದು. ಕೊಂಡೋಗು."

ನಾನು ಗಾಡಿ ನಿಲ್ಲಿಸಿದೆ. ಈ ಸಲ ಸ್ಟ್ಯಾಂಡಿನ ಕೆಳಗೆ ಹಂಚಿನ ತುಂಡು ಇಟ್ಟು. ಕೀಲಿಕೈಯನ್ನು ಶಶಿಯ ಮುಂದೆ ಹಿಡಿದೆ. ಅವಳು ಅದನ್ನು ಮುಟ್ಟಲಿಲ್ಲ. ಮುಖ ಗಂಟಾಯಿತು. ಹೇಸಿಗೆ ನನ್ನೊಬ್ಬನದೇ ಸೊತ್ತೆಂದು ತಿಳಿದಿದ್ದೆ.

"ಅಪ್ಪ ಕೊಡ್ಲಿಲ್ಲ. ಈಗ ನೀವು ದೊಡ್ಡ ಮನಸ್ಸು ಮಾಡಿ ಕೊಡುವುದಾ? ಬೇಡ. ನಿಮಗೆ ಬರೀಲಿಕ್ಕೆ ಒಂದು ವಿಷಯ ಸಿಗ್ತದೆ, ಅಷ್ಟೇ."

ಅವಳು ಹೇಳಿದ್ದು ನಿಜ. ಯಾಕೆಂದರೆ ಅಂಕಣದ ಮೊದಲ ವಾಕ್ಯ ಆಗಲೇ ನನ್ನ ತಲೆಯೊಳಗೆ ಸಿದ್ಧವಾಗಿತ್ತು. ಎಂಥ ಅಸಹ್ಯ ಪ್ರಾಣಿ ನೋಡಿ ಈ ಅಂಕಣಕಾರ! "ದೊಡ್ಡ ಮನಸ್ಸಲ್ಲ ಶಶಿ" ಎಂದೆ. "ನನ್ನ ಕೈಯಲ್ಲಿದ್ರೆ ಮಳೆಗಾಲದೊಳಗೆ ಇನ್ನೊಂದು ಮುರೀತೇನೆ. ಓಡುವ ಹಾಗೆ ಇಟ್ಟುಕೊಂಡವರದ್ದು ಅಂತ ತಮ್ಮಲೆ ಹೇಳಿದ್ದು. ಇಟ್ಟುಕೊಂಡದ್ದು ನಾನಾ?"

ಅವಳು ಗಾಡಿಯನ್ನೇ ನೋಡುತ್ತ ನಿಂತಳು. "ನನಗೆ ಬಿಡ್ಲಿಕ್ಕೆ ಬರುವುದಿಲ್ಲವಲ್ಲ" ಎಂದಳು ಮೆಲ್ಲಗೆ. ಎಲ್ಲ ಗೊತ್ತಿರುವವಳಿಗೆ ಅದೊಂದು ಗೊತ್ತಿಲ್ಲ ಎಂದು ಹೇಳಲು ಎಷ್ಟು ಕಷ್ಟವಾಗಿರಬೇಕು...

"ಕಲಿಸ್ತೇನೆ."

"ನೀವಾ?" ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಮರ್ಯಾದೆ ಇಲ್ಲದ ನಗು. "ನಿಂತ ಗಾಡಿಯನ್ನು ಬೀಳಿಸುವವರು!"

ನಾವಿಬ್ಬರೂ ಮಾಮಿಯ ಕಡೆ ತಿರುಗಿದೆವು. ನಿಮ್ಮ ಮಾತಿನ ಕಾವಲಿಗಿದ್ದವರು ಅವರು ತಾನೇ? ಮಾಮಿ ಹಂಡೆ ಟೆಂಪೋ ಹತ್ತುವುದನ್ನು ನೋಡುತ್ತಿದ್ದರು. "ಅವರು ಹೇಳಿದ್ದು ಅವರ ಕಾಲಕ್ಕೆ ಆಯ್ತು" ಎಂದರು, ಹಿಂದೆ ತಿರುಗದೆ. "ಅವಳು ಹತ್ತುವಾಗ ಹಪ್ಪಳದ ಚಾಪೆಯಿಂದ ದೂರ ಹತ್ತಲಿ."

ನೀವು ನನಗೆ ಕಲಿಸಿದ ಅದೇ ಶಾಲೆಯ ಮೈದಾನಕ್ಕೆ ಗಾಡಿ ತಂದೆವು. ಹೊರಡುವ ಮೊದಲು ಅವಳು ಸ್ಪ್ಯಾನರ್ ಕೇಳಿ ಪಡೆದು, ನಾನು ಬಿಗಿದ ಕ್ಲಾಂಪನ್ನು ಸಡಿಲಿಸಿ, ಅಂಗೈಯಿಂದ ದೂಡಿ ನೋಡಿ, ಮತ್ತೆ ಒಂದಿಷ್ಟು ಬಿಗಿದಳು. ಮುಕ್ಕಾಲು. ಎರಡು ಸುತ್ತು ಸರಿಯಾಗಿ ಹೋದಳು. ಮೂರನೆಯ ಸುತ್ತಿನಲ್ಲಿ, ಬಾವುಟ ಹಾರಿಸುವ ಕೊಡಿಕಂಬದ ಹತ್ತಿರದ ತಿರುವಿನಲ್ಲಿ, ಗಾಡಿ ಎಡಕ್ಕೆ ವಾಲಿತು. ಬಿತ್ತು. ಅವಳೂ ಬಿದ್ದಳು. ನಾನು ಓಡಿದೆ. ಓಡುವಾಗ ಕಣ್ಣು ಮುಚ್ಚಿಕೊಂಡಿದ್ದೆನೆಂದು ಅವಳು ಈಗ ಎಲ್ಲರಿಗೂ ಹೇಳುತ್ತಿದ್ದಾಳೆ. ಹತ್ತಿರ ಹೋಗಿ ನೋಡಿದರೆ ಅವಳು ಆಗಲೇ ಎದ್ದು, ಗಾಡಿಯನ್ನೂ ಎಬ್ಬಿಸಿದ್ದಳು. ಮೊಣಕೈಯಲ್ಲಿ ರಕ್ತ. ಅದರ ಪರಿವೆಯಿಲ್ಲದೆ ಕ್ಲಚ್ ಲಿವರನ್ನು ನೋಡುತ್ತಿದ್ದಳು. ತುದಿಯಲ್ಲಿ ಒಂದು ಗೀರು. ಲಿವರು ಆಕಾಶ ನೋಡುವಂತೆ ಮೇಲಕ್ಕೆ ತಿರುಗಿ ನಿಂತಿತ್ತು, ಅಖಂಡವಾಗಿ.

ಅಂಗೈಯಿಂದ ಒಮ್ಮೆ ದೂಡಿ ಅದನ್ನು ಅದರ ಜಾಗಕ್ಕೆ ತಂದಳು. "ಗೊತ್ತಾಯ್ತಾ ಬಾವ?" ಎಂದಳು. ಹತ್ತಿ ಕೂತಳು.

ಇನ್ನು ನಿಮಗೆ ತಿಳಿಯದ ಸುದ್ದಿಗಳು. ಶಶಿಗೆ ಲೈಸೆನ್ಸ್ ಬಂದಿದೆ. ಗಾಡಿಯ ಕಾಗದವೂ ಅವಳ ಹೆಸರಿಗಾಗಿದೆ. ದಿನಾ ಉಜಿರೆಗೆ ಅದರಲ್ಲೇ ಹೋಗಿಬರುತ್ತಾಳೆ. ಸೀಟು ಹೊಲಿಸಿದ್ದಾಳೆ, ಜಿರಲೆಗಳನ್ನು ಒಕ್ಕಲೆಬ್ಬಿಸಿದ್ದಾಳೆ. ಮಾಮಿ ಹಂಡೆ ಹೋದ ಜಾಗದಲ್ಲಿ ಗಾಡಿ ನಿಲ್ಲಿಸಲು ಎರಡು ಶೀಟು ಹಾಕಿಸಿದ್ದಾರೆ. ನನಗೆ ಬರೆಯಲು ಅಪ್ಪಣೆಯೂ ಸಿಕ್ಕಿದೆ, ಒಂದು ಷರತ್ತಿನ ಮೇಲೆ. "ಬರೆದ್ರೆ ಬಿಗಿ ಮಾಡಿದ್ದು ಯಾರು ಅಂತಲೂ ಬರೀಬೇಕು." ಬರೆದಿದ್ದೇನೆ. 'ಮುಕ್ಕಾಲು ಬಿಗಿ ಮಾವ' ಅಚ್ಚಾದ ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ಇದೂ ಅಚ್ಚಾಗುತ್ತದೆ. ಲಿವರಿನ ವಿಷಯದಲ್ಲಿ ಬರೆದದ್ದನ್ನು ಹಿಂದೆ ಪಡೆದಿದ್ದೇನೆ. ಮುಂಡಿನ ವಿಷಯದಲ್ಲಿ ಪಡೆದಿಲ್ಲ. ಗೆರಟೆಯ ವಿಷಯದಲ್ಲಿ ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅದು ಗ್ರೀಸಿನಂತೆ, ತೊಳೆದಷ್ಟೂ ಉಳಿಯುತ್ತದೆ.

ಬರುವ ಆದಿತ್ಯವಾರ ನೆರಿಯಕ್ಕೆ ಹೋಗುವ ಎಂದಿದ್ದಾಳೆ. ನೀವು ಬಿದ್ದ ಜಾಗಗಳನ್ನೆಲ್ಲ ನೋಡಬೇಕಂತೆ. ಎಲ್ಲೆಲ್ಲಿ ಬಿದ್ದಿರೆಂದು ಮಾಮಿ ಒಂದೊಂದಾಗಿ ಹೇಳಿ ಬರೆಸಿದ್ದಾರೆ. ನಿಮ್ಮ ಮೊಣಕಾಲಿಗೆ ಎಣ್ಣೆ ಹಚ್ಚಿದವರಿಗೆ ಎಲ್ಲ ನೆನಪಿರುತ್ತದೆ. ಬುತ್ತಿಗೆ ಹೊಸ ಹಪ್ಪಳವನ್ನೂ ಕಟ್ಟಿಕೊಡುತ್ತಾರಂತೆ. ದಾರಿಯಲ್ಲಿ ಏನಾದರೂ ಬಿಚ್ಚಬೇಕಾಗಿ ಬಂದರೆ ಇರಲೆಂದು ಸಾಮಾನಿನ ಚೀಲವನ್ನು ಶಶಿಯೇ ಹೆಗಲಿಗೆ ಹಾಕಿಕೊಳ್ಳುತ್ತಾಳೆ. ಹಿಂದಿನ ಸೀಟಿನಲ್ಲಿ ನಿಮ್ಮ ಪಟ್ಟದ ಅಳಿಯ ಕೂರುತ್ತಾನೆ, ಗೆರಟೆ ಹಿಡಿದುಕೊಂಡು.